ಬೆಳ್ಳಿಯ ಮರಿಗಳ ಧೈರ್ಯ

ಬೆಳಕು ಹರಿಯುವ ಮೊದಲೇ ಸ್ನೇಹಲತಾ ನೀರು ಸೇದಬೇಕು, ನಾಯಿಗಳಿಗೆ ಗಂಜಿ ಬೇಯಿಸಬೇಕು, ಗೂಡು ತೊಳೆಯಬೇಕು, ಗಂಡನಿಗೆ ಚಾ ಇಡಬೇಕು. ಬೀಜಾಡಿಯಲ್ಲಿ ಕಾವಲು ನಾಯಿ ಸಾಕಿ ಮಾರುವವನೆಂಬ ಹೆಸರು ಮಾತ್ರ ಗಂಡ ಲೀಲಾಧರನದು. ಗೂಡಿನ ಮೂಲೆಯಲ್ಲಿ ನೆಲ ಕೆರೆಯುವ ಸದ್ದು ಅವಳಿಗೆ ಈಗಲೂ ಕೇಳುತ್ತದೆ. ಐದನೇ ಹೆರಿಗೆಯಲ್ಲಿ ಸತ್ತ ಜೂಲಿ ಹಾಗೆ ಕೆರೆದಿತ್ತು. ಈಗ ಅಲ್ಲಿರುವುದು ಜೂಲಿಯ ಮಗಳು ಬೆಳ್ಳಿ, ನಾಲ್ಕನೇ ಸಲದ ಬಾಣಂತಿ.

ಏಳು ವಾರದ ಮರಿಗಳ ಹಿಂದೆ ಸ್ಟೀಲಿನ ತಟ್ಟೆ ಬೀಳಿಸುವುದು ಲೀಲಾಧರನ ಪರೀಕ್ಷೆ. ಬೆದರಿ ಮೂಲೆ ಸೇರಿದ ಮರಿ ಅಗ್ಗಕ್ಕೆ ಯಾರದೋ ಮನೆಗೆ, ತಿರುಗಿ ಬಂದು ತಟ್ಟೆ ಮೂಸಿದ್ದು ಕಾವಲಿಗೆ. ಹಿಂದಿನ ಸಲ ಆರೂ ಮರಿಗಳು ಮೂಸಿದ್ದವು.

“ಅಬ್ಬಿ ರಕ್ತ ಮಾರಾಯ್ತಿ! ಪುಕ್ಲ ಮರಿ ಹಾಕ್ರೆ ಮಾತ್ರ ಬೆಳ್ಳಿಗ್ ಮರಿ ಹಾಕ್ಸುದ್ ಬಿಡುದ್,” ಎಂದಿದ್ದ, ಮರಿಗಳ ಧೈರ್ಯವೆಲ್ಲ ತಾಯಿಯ ರಕ್ತದ್ದೆಂದು ನಂಬಿದ್ದ ಲೀಲಾಧರ.

“ಹ್ವಾಯ್, ಅದೂ ಒಂದ್ ಜೀವ ಅಲ್ದಾ?”

“ನಿಂಗೆಂತ ಗೊತ್ತಿತ್ತ್ ರಕ್ತದ್ ವಿಷ್ಯ? ಹೋಗ್, ಪಾತ್ರೆ ತೊಳಿ.”

ಅಂದು ತೊಳೆಯುತ್ತಿದ್ದಾಗಲೇ ಅವಳಿಗೆ ಹೊಳೆದಿತ್ತು. ಬೆಳ್ಳಿ ಗುಡುಗಿಗೆ ನಡುಗುವ ನಾಯಿ. ಚಳಿಯೆಂದು ಅವಳೇ ಆ ಆರು ಮರಿಗಳನ್ನು ಒಲೆಯ ಪಕ್ಕ ಇಟ್ಟುಕೊಂಡಿದ್ದಳು. ಮುಚ್ಚಳ ಬೀಳುವುದು, ಮಿಕ್ಸಿ ಅರಚುವುದು ಅವಕ್ಕೆ ಲಾಲಿಯಾಗಿತ್ತು. ಅವುಗಳ ಧೈರ್ಯ ಬಂದದ್ದು ಅವಳ ಅಡುಗೆಮನೆಯಿಂದ. ಹೇಳಿದರೆ ಗಂಡ ನಗುತ್ತಾನೆ. ನಂಬಿದರೆ ಇನ್ನೂ ಕಷ್ಟ, ಎಲ್ಲ ಮರಿಗಳನ್ನೂ ಅಲ್ಲೇ ತಂದಿಡುತ್ತಾನೆ.

ಈ ಸಲದ ಐದು ಮರಿಗಳು ಕಣ್ಣು ಬಿಟ್ಟ ದಿನ, ಲೀಲಾಧರ ಏಳುವ ಮೊದಲು, ಅವಳು ಅವನ್ನು ಬುಟ್ಟಿಯಲ್ಲಿ ಹೊತ್ತು ತೋಟದ ತುದಿಯ ಹಳೇ ಕೊಟ್ಟಿಗೆಗೆ ನಡೆದಳು. ಅಲ್ಲಿಗೆ ಮನೆಯ ಯಾವ ಸದ್ದೂ ಮುಟ್ಟುವುದಿಲ್ಲ. ಪರೀಕ್ಷೆಯ ದಿನದವರೆಗೆ ಲೀಲಾಧರ ಮರಿಗಳತ್ತ ತಲೆ ಹಾಕುವವನೂ ಅಲ್ಲ. ಬೆಳ್ಳಿ ಹಿಂದೆಯೇ ಬಂತು. ಇನ್ನು ಅಂಜುತ್ತಲೇ ಬೆಳೆಯಲಿರುವ ಮರಿಗಳು ಅವಳ ಬೆರಳು ಚೀಪಿದವು. ಅವಳು ಹುಲ್ಲು ಹಾಸಿ, ಬಾಗಿಲೆಳೆದಳು.