ಹೋದದ್ದಕ್ಕೆ ತೊಗರಿ, ಬಂದದ್ದಕ್ಕೆ ಕಡಲೆ

ಶರಣಪ್ಪನವರು ಕಾಳು ಹಾಕುತ್ತಿದ್ದವು ಗಡಿಗೆಗಳೇ ಅಲ್ಲವೋ ಏನೋ, ತಂಬಿಗೆಗಳಿರಬಹುದು. ಎರಡಿದ್ದವು ಅನ್ನುವುದಷ್ಟು ಖರೆ. ಶರಣಪ್ಪನವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಗಂಟಲು: ಬೀದರಿನ ಮನೆಯ ಅಂಗಳದಲ್ಲಿ, ಜಾರುವ ರುಮಾಲನ್ನು ಒಂದು ಕೈಯಿಂದ ಒತ್ತಿಹಿಡಿದು, ತಲೆ ಹಿಂದಕ್ಕೆ ಬಾಗಿಸಿ ಆಕಾಶ ನೋಡುತ್ತಿರುವ ಮನುಷ್ಯನ ಗಂಟಲು. ಇನ್ನೊಂದು ಕೈಯಲ್ಲಿ ಒಂದು ಕಾಳು. ವಿಮಾನ ತಲೆಯ ಮೇಲೆ ದಾಟಿತೋ, ಕಾಳು ಗಡಿಗೆಗೆ. ರುಮಾಲು ಕೆಂಪಗಿತ್ತು ಅನ್ನುತ್ತದೆ ನನ್ನ ನೆನಪು. ಅದು ಸಿಕ್ಕವರ ತಲೆಗೆಲ್ಲ ಕೆಂಪು ರುಮಾಲೇ ಸುತ್ತುತ್ತದೆ, ನಂಬಬೇಡಿ.

ಪೊಲೀಸ್ ಆ್ಯಕ್ಷನ್ ಮುಗಿದು, ಹೈದರಾಬಾದ್ ಸಂಸ್ಥಾನ ದೇಶದೊಳಗೆ ಸೇರಿ ಒಂದೋ ಎರಡೋ ವರ್ಷವಾಗಿತ್ತು. ನಾನು ಹೊಸದಾಗಿ ಸೇರಿದ ಸಾಲಿ ಮಾಸ್ತರ, ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಗಂಜ್ ಎಂಬ ಕಾಳುಪೇಟೆಯಲ್ಲಿ, ದಲಾಲಿ ನಡೆಸುವ ಅಡತಿ ಅಂಗಡಿಯೊಂದರಲ್ಲಿ ಕಾಳು ತೂಗುವವರು. ಚೀಲ ತೂಗಿದಂತೆಲ್ಲ ರಾಗವಾಗಿ ಕೂಗುತ್ತ, ಗುರುತಿಗೆ ಒಂದೊಂದು ಕಾಳು ಬದಿಗಿಡುವುದು ಅವರ ಪದ್ಧತಿ. ಇನ್ನೊಬ್ಬರ ಎಣಿಕೆಯನ್ನು ಒಪ್ಪುವ ಆಸಾಮಿ ಅಲ್ಲವೇ ಅಲ್ಲ. ಸಾಹುಕಾರನಿಗೂ ಹೇಳುತ್ತಿದ್ದರಂತೆ: "ನೀವು ಎಣಿಸಿದ್ದು ನಿಮ್ಮದು. ನಾ ಎಣಿಸಿದ್ದು ಖರೆ."

ಮಗಳು ನೀಲಮ್ಮನಿಗೆ ಭಾಲ್ಕಿಯ ಕಡೆಯ ವರ ಬಂದಿತ್ತು. ಹುಡುಗ ಹೈದರಾಬಾದಿನಿಂದ ಮುಂಬಯಿಗೆ ಜನರನ್ನು ಒಯ್ಯುವ ವಿಮಾನದಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ. ನೀಲಮ್ಮ ಅವನನ್ನು ನೋಡಿದ ದಿನವೇ ಒಪ್ಪಿದ್ದಳು. ಒಪ್ಪದವನು ಅವಳ ಸೋದರಮಾವ, ಠಾಣಾ ಕುಶನೂರಿನ ವೀರಪ್ಪ. ಅದೇ ವಾರ ಎಲ್ಲೋ ದೂರದಲ್ಲಿ ಒಂದು ವಿಮಾನ ಬಿದ್ದ ಸುದ್ದಿ ಉರ್ದು ಪತ್ರಿಕೆಯಲ್ಲಿ ಬಂತು. ಅದನ್ನು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳಿದ ತಪ್ಪು ನನ್ನದು.

"ಕೇಳಿದ್ರಿಲ್ಲ ಭಾವಾ? ನೆಲದ ಮ್ಯಾಲೆ ನಿಲ್ಲಲಾರದಂವಗ ಹೆಣ್ಣ ಕೊಡ್ತೀರೇನು?" ಅಂದ ವೀರಪ್ಪ.

ಶರಣಪ್ಪನವರು ನನ್ನ ಕಡೆ ತಿರುಗಿದರು. "ಮಾಸ್ತರ್ರೇ, ಬಿದ್ದದ್ದು ಬರದಾರ. ಅವತ್ತ ಬೀಳಲಾರದವು ಎಷ್ಟಂತ ಬರದಾರೇನ್ರಿ?"

"ಇಲ್ರಿ."

"ಹಂಗಾದ್ರ ಇದು ಅರ್ಧಾ ತೂಕ ಆತು. ಚೀಲದ ಬಾಯಾಗ ಒಂದು ಹುಳಾ ಕಂಡ್ರ ಒಳಗ ಕೈ ಹಾಕಿ ನೋಡಬೇಕಿಲ್ಲೋ? ನಾನೇ ಎಣಸ್ತೇನಿ."

"ಎಲ್ಲಿ ಕೂತು ಎಣಸ್ತೀರಿ, ಮೋಡದ ಮ್ಯಾಲೇನು?" ಅಂದ ವೀರಪ್ಪ.

"ಅಂಗಳದಾಗ. ನನ್ನ ತಲಿ ಮ್ಯಾಲೇ ಹೋಗ್ತಾವಲ್ಲ."

ಗಂಜ್ ಪೇಟೆಗೆ ಮಾಲು ಬರದ ಬೇಸಿಗೆ. ಹೊತ್ತು ಬೇಕಾದಷ್ಟಿತ್ತು. ಪಡುವಣಕ್ಕೆ ಹೋದ ವಿಮಾನಕ್ಕೆ ಒಂದು ತೊಗರಿ, ತಿರುಗಿ ಬಂದದ್ದಕ್ಕೆ ಒಂದು ಕಡಲೆ. ಪೊಲೀಸ್ ಆ್ಯಕ್ಷನ್ ದಿನಗಳಲ್ಲಿ ಬಾಂಬಿನ ಭಯದಿಂದ ಆ ಸಪ್ಪಳಕ್ಕೆ ಮಕ್ಕಳನ್ನು ಎಳೆದುಕೊಂಡು ಮನೆಯೊಳಗೆ ಓಡಿದ್ದ ಓಣಿಯ ಹೆಂಗಸರು ಈಗ ಹೊರಗೆ ಬಂದು, "ಇವತ್ತಿನ ಗಿನತಿ ಎಷ್ಟಾತ್ರಿ?" ಎಂದು ಕೇಳತೊಡಗಿದರು. ಹದ್ದು ಹಾರಿದರೂ ಯಾರೋ ಒಬ್ಬರು ಕೂಗುತ್ತಿದ್ದರು. "ಅದು ರೆಕ್ಕಿ ಬಡೀಲತ್ತದ, ವಿಮಾನ ಬಡಿಯಂಗಿಲ್ಲ," ಎಂದು ಶರಣಪ್ಪನವರು ಗಂಭೀರವಾಗಿ ತಿದ್ದುತ್ತಿದ್ದರು.

ತಿಂಗಳಾದ ಮೇಲೆ ವೀರಪ್ಪ ಬಂದ. ಗಡಿಗೆಗಳನ್ನು ಮೊರದಲ್ಲಿ ಸುರಿದರು. ಎಣಿಸುವ ಅಗತ್ಯವೇ ಬೀಳಲಿಲ್ಲ. ತೊಗರಿಯ ಗುಡ್ಡೆ ದೊಡ್ಡದು, ಕಡಲೆಯದು ಸಣ್ಣದು.

"ಹೋದವು ಭಾಳ, ಬಂದವು ಕಮ್ಮಿ," ಅಂದ ಶರಣಪ್ಪನವರ ದನಿ ಇಳಿದಿತ್ತು. "ಉಳದವು ಎಲ್ಲಿ ಹ್ವಾದ್ವು?"

"ಕೆಳಗ," ಅಂದ ವೀರಪ್ಪ. ಅವನ ಮೀಸೆಯಡಿ ನಗು ಇತ್ತು.

"ಹಂಗಾದ್ರ ನಾಳೆ ಭಾಲ್ಕಿಗಿ ಇಲ್ಲ ಅಂತ ಹೇಳಿ ಕಳಸೋಣು," ಅಂದರು ಶರಣಪ್ಪನವರು.

ನೀಲಮ್ಮ ಒಳಗಿನಿಂದ ಬಂದಳು. ಕೈಗೆ ರೊಟ್ಟಿಯ ಹಿಟ್ಟು ಹಾಗೇ ಇತ್ತು. "ಅಪ್ಪಾ, ಮಧ್ಯಾಹ್ನ ಉಂಡು ಮಲಗ್ತೀರಲ್ಲ, ಆವಾಗ ಆಕಾಶ ಯಾರು ಕಾಯ್ತಾರ?"

ಈ ಒಂದು ವಿಚಾರ ನಮಗೆ ಯಾರಿಗೂ ಹೊಳೆದಿರಲಿಲ್ಲ, ಲೆಕ್ಕ ಕಲಿಸುವ ನನಗೂ.

"ನಾ ಕಾದೇನಿ. ನೀವು ಗೊರಕಿ ಹೊಡಿಯೋದ್ರಾಗ ಬಂದವು ಇವು." ಸೆರಗಿನ ತುದಿಯ ಗಂಟು ಬಿಚ್ಚಿ ಮೊರಕ್ಕೆ ಕಡಲೆ ಸುರಿದಳು. ಸಣ್ಣ ಗುಡ್ಡೆ ದೊಡ್ಡದಾಯಿತು.

ವೀರಪ್ಪ ಎದ್ದು ನಿಂತ. "ಅಡಗಿ ಮನಿ ಡಬ್ಬಿದಾಗಿಂದು ತಂದಾಳ ಭಾವಾ! ಎಣಸ್ರಿ, ಎಣಸಿ ನೋಡ್ರಿ!"

"ಮಾಮಾ, ನೀವೇ ಒಂದು ದಿನ ಬಿಸಲಾಗ ನಿಂತು ಎಣಸ್ರಿ, ಗೊತ್ತಾಗ್ತದ," ಅಂದಳು ನೀಲಮ್ಮ.

ಶರಣಪ್ಪನವರು ಮಗಳ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಂಗೈಯಿಂದ ತೊಗರಿ, ಕಡಲೆ ಎರಡನ್ನೂ ಕೂಡಿಸಿ ಒಂದೇ ರಾಶಿ ಮಾಡಿಬಿಟ್ಟರು. "ತೂಕ ಸರಿ ಅದ. ಏಳ್ರಿ, ಊಟಕ್ಕ."

ಮದುವೆ ಭಾಲ್ಕಿಯಲ್ಲಾಯಿತು. ಎಲ್ಲರಿಗಿಂತ ಹೆಚ್ಚು ಹೋಳಿಗೆ ತಿಂದವನು ವೀರಪ್ಪ. ಅಳಿಯ ತಲೆ ನರೆಯುವವರೆಗೆ ಹಾರಿದ, ಪ್ರತಿ ಸಲವೂ ಕೆಳಗಿಳಿದು ಮನೆಗೆ ಬಂದ.

ನಾನು ಶರಣಪ್ಪನವರನ್ನು ಕಡೆಯ ಸಲ ಕಂಡದ್ದು ಬೀದರಿನ ಬಸ್ ನಿಲ್ದಾಣದಲ್ಲಿ. ಔರಾದಿನ ಬಸ್ಸಿಗೆ ಕಾಯುತ್ತಿದ್ದರು. ಧೈರ್ಯ ಮಾಡಿ ಕೇಳಿದೆ: "ಅವತ್ತ ಮೊರದಾಗಿನ ಕಾಳು ಯಾಕ ಎಣಸಲಿಲ್ರಿ?"

"ಇನ್ನೂ ಪೇಪರ್ ಓದ್ತೀರೇನು ಮಾಸ್ತರ್ರೇ?" ಎಂದು ನಕ್ಕರು. ಬಸ್ಸು ಬಂತು. ನೂಕಿಕೊಂಡು ಹತ್ತಿ, ಕಿಟಕಿಯ ಸೀಟು ಹಿಡಿದೇಬಿಟ್ಟರು. ಅವರು ತೀರಿಕೊಂಡ ಸುದ್ದಿ ನನಗೆ ಕಾಗದದಲ್ಲಿ ಬಂತು, ಅದೂ ತಡವಾಗಿ.

ನೀಲಮ್ಮ ಆಮೇಲೆ ಎಷ್ಟೋ ಸಲ ಚಹಾ ಮಾಡಿಕೊಟ್ಟಿದ್ದಾಳೆ. ನಾನು ಕೇಳಿಲ್ಲ. ಆ ಕಡಲೆಯನ್ನು ಅವಳು ಆಕಾಶ ನೋಡಿ ಒಂದೊಂದಾಗಿ ಕಟ್ಟಿಕೊಂಡಿದ್ದಳೋ, ಡಬ್ಬಿಯಿಂದ ಒಂದೇ ಹಿಡಿಗೆ ತಂದಿದ್ದಳೋ, ಅಪ್ಪನಿಗೆ ಅದು ತಿಳಿದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.