ಮಾದನ್ ಅವರ ಎರಡು ಪಾದಗಳು

ಕೋವಿಡ್ ಇಳಿದ ಮರುವರ್ಷ ನಾನು ಮೈಸೂರಿನ ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತಳಾಗಿ ಊಟಿಯ ಒಂದು ಖಾಸಗಿ ಟ್ರಸ್ಟಿಗೆ ಸೇರಿದೆ. ಹುದ್ದೆ ಹಳೆಯದೇ, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್. ಔಷಧಿ ಬರೆಯುವುದು ವೈದ್ಯರ ಕೆಲಸ. ರೋಗಿಯ ಮನೆ, ದುಡಿಮೆ, ಮಾತು ಇವನ್ನು ನೋಡಿಕೊಳ್ಳುವುದು ನನ್ನದು. ಅಲ್ಲಿ ನನಗೆ ವಹಿಸಿದ್ದು ಎಂಟು ಜನರ ಫೋಟೋ ಥೆರಪಿ ಗುಂಪು. ನಾಲ್ವರು ಮಾಜಿ ಸೈನಿಕರು, ನಾಲ್ವರು ಮಸಿನಗುಡಿ ಕಡೆಯ ಕಾಡಂಚಿನ ಹಾಡಿಗಳವರು.

ಹೆಸರು ದೊಡ್ಡದು, ವಿಧಾನ ಸರಳ. ಪ್ರತಿಯೊಬ್ಬರಿಗೂ ಒಂದು ಅಗ್ಗದ ಕ್ಯಾಮೆರಾ. ವಾರವಿಡೀ ತಮಗೆ ಬೇಕಾದದ್ದರ ಚಿತ್ರ ತೆಗೆಯಬೇಕು, ಗುರುವಾರ ಅದನ್ನು ಮೇಜಿನ ಮೇಲಿಟ್ಟು ಮಾತಾಡಬೇಕು. ತನ್ನ ಬಗ್ಗೆ ಬಾಯಿ ಬಿಡಲಾರದವರೂ ಚಿತ್ರದ ಬಗ್ಗೆ ನಾಲ್ಕು ಮಾತಾಡುತ್ತಾರೆ. ಮೊದಲ ದಿನವೇ ನಾನು ಅವರಿಗೆ ಹೇಳಿದ್ದೆ: "ಇಲ್ಲಿ ಇಟ್ಟ ಫೋಟೋ ಈ ಕೋಣೆ ಬಿಟ್ಟು ಹೋಗುವುದಿಲ್ಲ." ಅದೇ ದಿನ ಟ್ರಸ್ಟಿನ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿಸಿದೆ. ಎರಡು ಪುಟ, ಇಂಗ್ಲಿಷಿನಲ್ಲಿ. ನಾನು ಅದನ್ನು ಪೂರ್ತಿ ಓದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಬೈಯುವವರ ಸಾಲಿನಲ್ಲಿ ನಾನೂ ಇದ್ದೇನೆ.

ಮಾದನ್ ಊಟಿಗೆ ಹತ್ತಿರದ ಹಟ್ಟಿಯೊಂದರವರು, ನೀಲಗಿರಿಯ ಬಡಗ ಸಮುದಾಯದವರು. ಸೈನ್ಯದಲ್ಲಿ ಹವಾಲ್ದಾರ್ ಆಗಿ, ನೆಲಬಾಂಬ್ ತೆಗೆಯುವ ದಳದಲ್ಲಿದ್ದವರು. ಗಡಿಯಲ್ಲಿ ಒಂದು ಬೆಳಿಗ್ಗೆ, ಅವರು ಪರೀಕ್ಷಿಸಿ ಸರಿಯಿದೆ ಎಂದ ದಾರಿಯಲ್ಲೇ ಜೊತೆಗಾರ ಕಾಲಿಟ್ಟು ಸತ್ತ. ನಿವೃತ್ತರಾಗಿ ಊರಿಗೆ ಬಂದ ಮೇಲೆ ಅವರು ಬರಿ ಮಣ್ಣಿನ ಮೇಲೆ ಹೆಜ್ಜೆ ಇಡಲಿಲ್ಲ. ಟಾರು ರಸ್ತೆ, ಸಿಮೆಂಟು, ಕಲ್ಲುಚಪ್ಪಡಿ, ಅಷ್ಟೇ. ಟೀ ಫ್ಯಾಕ್ಟರಿಯ ಎಲೆ ಸಾಗಿಸುವ ವ್ಯಾನ್ ಓಡಿಸುತ್ತಿದ್ದರು; ಎಲೆಯ ಮೂಟೆಗಳನ್ನು ಜನ ರಸ್ತೆಗೇ ತಂದು ಹಾಕುತ್ತಿದ್ದರು, ಹಾಗಾಗಿ ಫ್ಯಾಕ್ಟರಿಯಲ್ಲಿ ಈ ಭಯ ಯಾರಿಗೂ ತಿಳಿದಿರಲಿಲ್ಲ. ಸ್ವಂತ ಟೀ ತೋಟವನ್ನು ಹೆಂಡತಿಯೊಬ್ಬರೇ ನೋಡಿಕೊಳ್ಳುತ್ತಿದ್ದರು.

ಅವರ ಮೊದಲ ಫೋಟೋ ರಸ್ತೆಯ ಅಂಚಿನದು. ಟಾರು ಮುಗಿದು ಕೆಂಪು ಮಣ್ಣು ಶುರುವಾಗುವ ಗೆರೆ. ಎರಡನೆಯದೂ ಅದೇ, ಮೂರನೆಯದೂ ಅದೇ. ಉಳಿದವರಿಗೆ ಬೇಸರವಾಯಿತು. ನಾನು ಕಾದೆ. ಐದನೆಯ ವಾರದ ಚಿತ್ರವನ್ನು ಆ ಗೆರೆಯ ಆಚೆ ನಿಂತು ತೆಗೆದಿದ್ದರು. ಅಲ್ಲಿಂದ ವಾರಕ್ಕೊಂದು ಹೆಜ್ಜೆಯಂತೆ ಒಳಗೆ ಹೋದರು. ನಾಲ್ಕು ತಿಂಗಳಾದ ಮೇಲೆ ಮೇಜಿನ ಮೇಲಿಟ್ಟ ಚಿತ್ರದಲ್ಲಿ ಟೀ ಗಿಡಗಳ ನಡುವೆ, ಮಳೆಗೆ ನೆನೆದ ಮಣ್ಣಿನಲ್ಲಿ, ಅವರ ಬರಿಯ ಎರಡು ಪಾದಗಳಿದ್ದವು.

"ಎನ್ನ ತೋಟ ಅಮ್ಮ," ಎಂದರು. "ಇದು ಎನ್ನ ಕಾಲು."

ಆ ಮೇ ತಿಂಗಳಲ್ಲಿ ಅಕ್ಕನ ಶಸ್ತ್ರಚಿಕಿತ್ಸೆಗೆಂದು ನಾನು ಎರಡು ವಾರ ಗುಂಡ್ಲುಪೇಟೆಗೆ ಹೋದೆ. ಹಿಂದಿರುಗಿ ಬಸ್ಸಿಳಿದು ಬರುವಾಗ ಊಟಿಯ ಒಂದು ಸಭಾಂಗಣದ ಮುಂದೆ ಆಳೆತ್ತರದ ಬ್ಯಾನರ್ ಕಂಡಿತು. ಅದರಲ್ಲಿ ಆ ಪಾದಗಳು. ಕೆಳಗೆ ಇಂಗ್ಲಿಷ್ ಮತ್ತು ತಮಿಳಿನಲ್ಲಿ, 'ಯುದ್ಧ ಒಡೆದ ಮನಸ್ಸು: ತನ್ನ ಮಣ್ಣಿಗೇ ಹೆದರುವ ಸೈನಿಕ.' ಪಕ್ಕದಲ್ಲಿ ಮಾದನ್ ಅವರ ಹೆಸರು, ಹಟ್ಟಿಯ ಹೆಸರು. ಸೀಸನ್ನಿನ ಪ್ರವಾಸಿಗರು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ನಾನು ಹೊರಗೇ ನಿಂತು ಮಾದನ್ ಅವರಿಗೆ ಫೋನ್ ಮಾಡಿದೆ. ಬ್ಯಾನರ್ ಎದ್ದು ಆರು ದಿನವಾಗಿತ್ತು. ಮೂರನೆಯ ದಿನವೇ ಫ್ಯಾಕ್ಟರಿಯ ಮ್ಯಾನೇಜರ್ ವ್ಯಾನಿನ ಕೀ ವಾಪಸ್ ತೆಗೆದುಕೊಂಡಿದ್ದ. ತಲೆ ಸರಿಯಿಲ್ಲದವನ ಕೈಗೆ ಘಾಟ್ ರಸ್ತೆಯಲ್ಲಿ ಗಾಡಿ ಕೊಡಲಾಗುವುದಿಲ್ಲವಂತೆ.

"ಕೋಣೆ ಬಿಟ್ಟು ಹೋಗೊದಿಲ್ಲೆ ಅಂದಿದ್ದು ನೀವು," ಎಂದರು ಮಾದನ್. ದನಿ ಏರಿರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು.

"ತೋಟಕ್ಕೆ ಹೋಗ್ತಿದ್ದೀರಾ?" ಎಂದೆ.

"ಇಲ್ಲೆ. ರೋಡಲ್ಲೇ ನಿಲ್ಲೊದು."

ನಾಲ್ಕು ತಿಂಗಳ ಹೆಜ್ಜೆಗಳನ್ನು ಒಂದು ಬ್ಯಾನರ್ ಅಳಿಸಿಹಾಕಿತ್ತು.

ಒಳಗೆ ಟ್ರಸ್ಟಿನ ನಿರ್ದೇಶಕರು ಅತಿಥಿಗಳಿಗೆ ಚಿತ್ರಗಳನ್ನು ವಿವರಿಸುತ್ತಿದ್ದರು. ಗೋಡೆಯ ಮೇಲೆ ಎಂಟೂ ಜನರ ಬದುಕು ತೂಗುತ್ತಿತ್ತು. ಗುಂಪಿನ ಕಾಳಿ ಅಲ್ಲೇ ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಅತಿಥಿಗಳಿಗೆ ತೋರಿಸಲೆಂದು ಅವಳನ್ನು ಜೀಪಿನಲ್ಲಿ ಕರೆಸಿದ್ದರು. ಕಾಡ್ಗಿಚ್ಚು ಹರಡದಂತೆ ಕಾಡಿನಲ್ಲಿ ಬೆಂಕಿರೇಖೆ ಸವರುವ ಕೂಲಿ ಅವಳದು. ಗಂಡನನ್ನು ಆನೆ ಕೊಂದಿತ್ತು. ಅವನು ಕೊನೆಯ ಸಲ ನಡೆದುಹೋದ ಕಾಲುದಾರಿಯ ಫೋಟೋ ತೆಗೆದಿದ್ದಳು. ಅದರ ಕೆಳಗೆ 'ಆನೆಯನ್ನು ಕ್ಷಮಿಸಿದ ಹೆಣ್ಣು' ಎಂದು ಬರೆದಿತ್ತು. ನಾನು ಅವಳಿಗೆ ಓದಿ ಹೇಳಿದೆ.

ಕಾಳಿ ಕುರ್ಚಿಯಿಂದ ಎದ್ದಳು. "ಕ್ಷಮಿಸ್ದೆ ಅಂತ ಇವ್ರಿಗೆ ಯಾರ್ ಹೇಳಿದ್ದು? ಆನೆಯಾ?"

ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದರು. "ಫೋಟೋಗಳನ್ನು ಹೆಸರಿನ ಸಮೇತ ಪ್ರದರ್ಶಿಸಬಹುದು ಅಂತ ಎಲ್ಲರೂ ಸಹಿ ಹಾಕಿದ್ದಾರೆ ಮೇಡಂ. ಹಾಕಿಸಿದ್ದು ನೀವೇ. ಹೆಸರು, ಊರು ಇಲ್ಲದಿದ್ದರೆ ನೋಡುವವರ ಮನಸ್ಸಿಗೆ ತಟ್ಟುವುದಿಲ್ಲ."

ನಾನು ಹೊರಗೆ ಹೋಗಿ ಬ್ಯಾನರಿನ ಹಗ್ಗ ಬಿಚ್ಚತೊಡಗಿದೆ. ಕಾಳಿ ಬಂದು ಸೊಂಟದ ಕತ್ತಿಯಿಂದ ಇನ್ನೊಂದು ಬದಿಯ ಹಗ್ಗ ಕೊಯ್ದಳು. ನಿರ್ದೇಶಕರು ಬಾಗಿಲಿಗೆ ಬಂದು, "ಅದು ಟ್ರಸ್ಟಿನ ಸ್ವತ್ತು," ಎಂದರು.

"ಬಟ್ಟೆ ನಿಮ್ಮದು, ಇಟ್ಟುಕೊಳ್ಳಿ," ಎಂದೆ. "ಕಾಲು ನಿಮ್ಮದಲ್ಲ."

ಅಂದೇ ರಾಜೀನಾಮೆ ಕೊಟ್ಟೆ. ವಕೀಲರ ನೋಟೀಸು ಹೋದ ಮೇಲೆ ಟ್ರಸ್ಟಿನವರು ಚಿತ್ರಗಳನ್ನು ಇಳಿಸಿದರು, ಕ್ಷಮೆ ಕೇಳಲಿಲ್ಲ. ಮಾದನ್ ಗಾಡಿ ಓಡಿಸಲು ಸಮರ್ಥರು ಎಂದು ಮನೋವೈದ್ಯರಿಂದ ಬರೆಸಿಕೊಂಡು ಫ್ಯಾಕ್ಟರಿಗೆ ಹೋದೆವು. ಮ್ಯಾನೇಜರ್ ಅದನ್ನು ಮಡಚಿ ಡ್ರಾಯರಿಗೆ ಹಾಕಿ, ಎಲೆ ತೂಗುವ ಶೆಡ್ಡಿನಲ್ಲಿ ಕೆಲಸ ಕೊಡುತ್ತೇನೆ ಎಂದ. ಸ್ಟಿಯರಿಂಗ್ ಇಂದಿಗೂ ಕೊಟ್ಟಿಲ್ಲ. ಬಾಂಬಿನ ಮೇಲೆ ಕೈಯಿಟ್ಟು ಇನ್ನೊಬ್ಬರಿಗೆ ದಾರಿ ಮಾಡಿಕೊಟ್ಟ ಮನುಷ್ಯನಿಗೆ ಎಲೆಯ ವ್ಯಾನ್ ನಂಬಿ ಕೊಡಲು ಇವರಿಗೆ ಭಯ.

ಆಮೇಲೆ ಗುರುವಾರದ ಗುಂಪು ನನ್ನ ಬಾಡಿಗೆ ಮನೆಯಲ್ಲಿ ಸೇರತೊಡಗಿತು. ಎಂಟರಲ್ಲಿ ಐವರು ಬಂದರು. ಕಾಗದ ಇಲ್ಲ, ಸಹಿ ಇಲ್ಲ. ಪ್ರತಿ ಫೋಟೋಗೂ ಪ್ರತಿ ಸಲವೂ ಬಾಯಿಬಿಟ್ಟು ಕೇಳಬೇಕು ಎಂದು ಅವರೇ ಗೊತ್ತುಮಾಡಿದರು. ಮಾದನ್ ಬಂದು ಚಹಾ ಕುಡಿದು ಹೋಗುತ್ತಿದ್ದರು, ಕ್ಯಾಮೆರಾ ತರುತ್ತಿರಲಿಲ್ಲ. ಹೀಗೆ ಮಳೆಗಾಲ ಕಳೆಯಿತು.

ಒಂದು ಗುರುವಾರ ಕ್ಯಾಮೆರಾ ತಂದು ತೊಡೆಯ ಮೇಲಿಟ್ಟುಕೊಂಡರು. ಚಪ್ಪಲಿಯ ಅಂಚಿಗೆ ಒಣಗಿದ ಕೆಂಪು ಮಣ್ಣಿತ್ತು. ಅವರ ಸರದಿ ಬಂದಾಗ ನಾನು ಕೇಳಿದೆ: "ತೋರಿಸ್ತೀರಾ?"

ಮಾದನ್ ಕ್ಯಾಮೆರಾವನ್ನು ಅಂಗೈಯಿಂದ ಮುಚ್ಚಿದರು. "ಪಟ ಎತ್ತಿದೆ ಅಮ್ಮ. ಒಳ್ಳೆ ಪಟ. ನಿಮಗೆ ತೋರಿಸೊದಿಲ್ಲೆ."

"ಆಗಲಿ," ಎಂದು ಮುಂದಿನವರ ಕಡೆ ತಿರುಗಿದೆ.

ಮೂವತ್ತು ವರ್ಷ ಜನರ ಬಾಯಿ ಬಿಡಿಸುವುದನ್ನೇ ಚಿಕಿತ್ಸೆ ಎಂದುಕೊಂಡಿದ್ದವಳು ನಾನು. ಕೇಳಿದಾಗ 'ಇಲ್ಲ' ಎನ್ನಲು ಬರುವವನೇ ಗುಣವಾಗುತ್ತಿರುವ ಮನುಷ್ಯ ಎಂಬುದನ್ನು ಆ ಗುರುವಾರ ಕಲಿತೆ.