ಬಾವಲಿ ಮೇಸ್ತ್ರಿಯ ಸೋಪಿನ ಡಬ್ಬಿ

ಗಾರೆ ಮೇಸ್ತ್ರಿ ತೀರಿಕೊಂಡ ದಿನ ನೋಡಲು ಬಂದವರಲ್ಲಿ ಕೆಲವರು ಅವನನ್ನು ‘ಬಾವಲಿ ಮೇಸ್ತ್ರಿ’ ಎಂದೇ ನೆನೆದು, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಕ್ಕರು. ಆ ಹೆಸರು ಬಂದದ್ದು ಹೇಗೆಂದು ಎಲ್ಲರಿಗೂ ಗೊತ್ತಿತ್ತು. ಅದರಿಂದ ಮುಂದೆ ಏನಾಯಿತೆಂಬುದು ಗೊತ್ತಿದ್ದವರು ಕಡಿಮೆ.

ಹಳೆಯ ಕಟ್ಟಡಗಳ ಬಿರುಕು, ಸೂರಿನ ಕಂಡಿ ಮುಚ್ಚುವುದು ಅವನ ಕಸುಬು. ಕಂಡಿಯೊಳಗೆ ಬಾವಲಿಗಳು ಸೇರಿಕೊಂಡಿರುತ್ತವೆ. ನೋಡದೆ ಮುಚ್ಚಿದರೆ ಅವನ್ನು ಜೀವಸಹಿತ ಹೂತಂತೆಯೇ. ನೋಡೋಣವೆಂದರೆ ಕತ್ತಲು, ಕೇಳೋಣವೆಂದರೆ ಅವುಗಳ ಕೂಗು ಮನುಷ್ಯರ ಕಿವಿಗೆ ನಿಲುಕದಷ್ಟು ಕೀರಲು. ಗಡಿಯಾರ ರಿಪೇರಿಯವನ ಅಂಗಡಿಯ ಹಿಂದಿನ ಕೋಣೆಯಲ್ಲಿ ರಜೆಯ ದಿನ ಕೂಡುತ್ತಿದ್ದ ರೇಡಿಯೋ ಹುಚ್ಚರ ಗುಂಪಿಗೆ ಮೇಸ್ತ್ರಿ ಹೋಗಿ ಸೇರಿದ್ದು ಇದಕ್ಕಾಗಿಯೇ. ಸಿಮೆಂಟು ತಿಂದು ಬಿರಿದ ಬೆರಳುಗಳಿಂದ ತಂತಿ ಬೆಸೆಯಲು ಕಲಿತ, ಸೋಪಿನ ಡಬ್ಬಿಯೊಂದರಲ್ಲಿ ರಿಸೀವರ್ ಕೂಡಿಸಿದ. ಬಾವಲಿಯ ಕೂಗನ್ನು ಅದು ನಮ್ಮ ಕಿವಿಯ ಮಟ್ಟಕ್ಕೆ ಇಳಿಸಿ ಕೊಡುತ್ತಿತ್ತು. ಸುಮ್ಮನೆ ಹಾರುವಾಗ ಟಪ್ ಟಪ್. ಹುಳಕ್ಕೆ ಎರಗುವಾಗ, ಗೂಡಿಗೆ ಇಳಿಯುವಾಗ ಆ ತಟ್ಟು ಒತ್ತೊತ್ತಾಗಿ ಪುರ್ರ್ ಎನ್ನುತ್ತಿತ್ತು. ಸಂಜೆ ಸೂರಿನ ಕೆಳಗೆ ನಿಂತು ಅದನ್ನು ಕೇಳಿ ನೋಡದೆ ಅವನು ಗಾರೆ ಕಲಸುತ್ತಿರಲಿಲ್ಲ. ಈ ಮನುಷ್ಯ ಗೋಡೆಗೆ ಕೊಡುವ ಕಿವಿಯನ್ನು ತನಗೆ ಕೊಟ್ಟಿದ್ದರೆ ಸಂಸಾರ ಎಲ್ಲಿಗೋ ಹೋಗುತ್ತಿತ್ತೆಂದು ಹೆಂಡತಿ ಅಕ್ಕಪಕ್ಕದವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಒಮ್ಮೆ ಖಾಲಿ ಗೋದಾಮಿನ ಕಂಡಿಗೆ ಹಿಡಿದ ಡಬ್ಬಿ ಟಪ್ ಟಪ್ ಎಂದಿತು. ಮೇಸ್ತ್ರಿ ಕೆಲಸ ನಿಲ್ಲಿಸಿ, ಮಾಲೀಕನ ಬೈಗುಳ ತಿಂದು, ಬಾವಲಿ ಹೊರಟುಹೋಗಲೆಂದು ವಾರಗಟ್ಟಲೆ ಕಾದ. ಗುಂಪಿನವರು ಅವನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ಎಲ್ಲವನ್ನೂ ಹೇಳಿಸಿದರು. ಹೇಳಿ ಮುಗಿದ ಮೇಲೆ ಗಡಿಯಾರದವನು ಜೇಬಿನಿಂದ ಪುಟ್ಟದೊಂದು ಯಂತ್ರ ತೆಗೆದು ಮೇಜಿನ ಮೇಲಿಟ್ಟ. ಮೇಸ್ತ್ರಿಯ ಮಡಿಲಲ್ಲಿದ್ದ ಡಬ್ಬಿ ಟಪ್ ಟಪ್ ಎಂದಿತು. ಗೋದಾಮಿನ ಕಂಡಿಯಲ್ಲಿ ಅವನು ಬಚ್ಚಿಟ್ಟಿದ್ದ ‘ಬಾವಲಿ’ ಅದೇ. ನಕ್ಕು ನಕ್ಕು ಒಬ್ಬನಿಗೆ ಕೆಮ್ಮು ಹತ್ತಿತು. ಮೇಸ್ತ್ರಿಯೂ ನಗಬೇಕಾಯಿತು. ‘ಬಾವಲಿ ಮೇಸ್ತ್ರಿ’ ಎಂಬ ಹೆಸರು ಅಂಟಿದ್ದು ಅಂದೇ.

“ಒಂದೇ ಸಮ ತಟ್ತಿತ್ತು, ಒಂದ್ಸಲಾನೂ ಪುರ್ರ್ ಅನ್ಲಿಲ್ಲ. ಆಗ್ಲೇ ನಂಗೆ ಗೊತ್ತಾಗ್ಬೇಕಿತ್ತು,” ಎಂದ.

“ಅಷ್ಟೇ ತಾನೆ ಮೇಸ್ತ್ರಿ? ಮುಂದಿನ ಸಲ ಅದನ್ನೂ ಸೇರಿಸ್ತೀನಿ ಬಿಡು,” ಎಂದ ಗಡಿಯಾರದವನು.

ಮುಂದಿನ ಬೇಸಿಗೆಯಲ್ಲಿ ಅಚ್ಚುಮನೆಯೊಂದರ ಕೆಲಸ ಬಂತು. ಅದನ್ನು ಕೊಡಿಸಿದವನೂ ಗಡಿಯಾರದವನೇ. ಸೂರಿನ ಕಂಡಿಗೆ ಡಬ್ಬಿ ಹಿಡಿದರೆ ತಟ್ಟು ಕೇಳಿತು, ನಡುನಡುವೆ ಪುರ್ರ್ ಎಂದೂ ಕೇಳಿತು. ಹೇಳಿದಂತೆಯೇ ಮಾಡಿದ್ದಾನೆ ಬಡ್ಡಿಮಗ ಎಂದುಕೊಂಡ ಮೇಸ್ತ್ರಿ. ಇನ್ನೊಮ್ಮೆ ಆ ಕುರ್ಚಿಯಲ್ಲಿ ಕೂರಲು ಅವನು ತಯಾರಿರಲಿಲ್ಲ. ಮರುದಿನ ಬೆಳಿಗ್ಗೆಯೇ ಕಂಡಿ ಮುಚ್ಚಿ, ಕರಣೆಯಿಂದ ನುಣ್ಣಗೆ ಸವರಿದ.

ಅದೇ ಕಟ್ಟಡದ ಬೇರೆ ಗೋಡೆಗಳ ಕೆಲಸ ಇನ್ನೂ ಉಳಿದಿತ್ತು. ಸಂಜೆ ಹೊರಡುವ ಮುಂಚೆ ಡಬ್ಬಿಯನ್ನು ಆ ಕಂಡಿಯ ಪಕ್ಕದ ಚಾವಣಿ ಹಲಗೆಯ ಸಣ್ಣ ಸಂದಿಗೆ ಹಿಡಿಯುವುದು ಅವನಿಗೊಂದು ಮೋಜಾಯಿತು. ತಟ್ಟು ದಿನದಿನಕ್ಕೆ ಸಣ್ಣಗಾಗುತ್ತಾ ಬಂತು. ರಜೆಯ ದಿನ ಗುಂಪಿನ ನಡುವೆ ಎದೆಯುಬ್ಬಿಸಿ ನಿಂತು ಅವನು ಗಡಿಯಾರದವನಿಗೆ ಹೇಳಿದ:

“ನಿನ್ನ ಯಂತ್ರದ ಬ್ಯಾಟರಿ ಇಳೀತಾ ಇದೆ ಕಣಯ್ಯ. ಗೋಡೆಯೊಳಗೆ ಸಿಕ್ಹಾಕಿಕೊಂಡಿದೆ, ಬೇಕಾದ್ರೆ ಒಡೆದು ತಗೋ.”

“ಯಾವ ಬ್ಯಾಟರಿ? ನಾನೇನೂ ಇಟ್ಟಿಲ್ವಲ್ಲ.”

ಮೇಸ್ತ್ರಿ ಕಣ್ಣು ಮಿಟುಕಿಸಿದ. ಎಲ್ಲರೂ ನಕ್ಕರು. ಈ ಸಲ ನಗು ತನ್ನ ಕಡೆಗಿದೆಯೆಂದು ಅವನಿಗೆ ಹಿಗ್ಗು.

ವಾರ ಕಳೆಯುವುದರೊಳಗೆ ಅಚ್ಚುಮನೆಯ ಮಾಲೀಕ ಹೇಳಿಕಳಿಸಿದ: ವಾಸನೆಗೆ ಆಳುಗಳು ಒಳಗೆ ನಿಲ್ಲುತ್ತಿಲ್ಲ. ಮೇಸ್ತ್ರಿ ಏಣಿ ಹತ್ತಿ, ತಾನೇ ಸವರಿದ ಗಾರೆಯನ್ನು ಉಳಿಯಿಂದ ಒಡೆದ. ಬಾವಲಿಗಳೆಲ್ಲ ಕಂಡಿಯ ಬಾಯಿಗೇ ಒತ್ತಿಕೊಂಡು ಸತ್ತಿದ್ದವು. ಅದು ಮರಿ ಹಾಕುವ ಕಾಲ. ಹೆಬ್ಬೆರಳ ಗಾತ್ರದ ಮರಿಗಳು ತಾಯಂದಿರ ಎದೆ ಕಚ್ಚಿಕೊಂಡಿದ್ದವು. ಬಿಡಿಸಲು ಬಾರದೆ ಜೊತೆಜೊತೆಯಾಗಿಯೇ ಚೀಲಕ್ಕೆ ಹಾಕಿದ. ಗಾರೆಯ ಒಳಮೈಯಲ್ಲಿ ಉಗುರಿನ ಗೀರುಗಳಿದ್ದವು. ಅದು ಹಸಿಯಿದ್ದಾಗಲೇ ಕೆರೆದಿದ್ದವು.

ಸುದ್ದಿ ಕೇಳಿ ಬಂದ ಗಡಿಯಾರದವನು ಏಣಿಯ ಬುಡದಲ್ಲಿ ನಿಂತು ಚೀಲದೊಳಗೆ ಇಣುಕಿದ.

“ನಾನು ಇಟ್ಟಿಲ್ಲ ಅಂತ ಬಾಯಿಬಿಟ್ಟು ಹೇಳಿದ್ನಲ್ಲ ಮಾರಾಯ,” ಎಂದ.

ಮೂಗು ಮುಚ್ಚಿಕೊಂಡಿದ್ದ ಮಾಲೀಕ, ತೆಗೆದಾಯಿತಲ್ಲ, ಇನ್ನು ಬೇಗ ಮುಚ್ಚು, ಮಧ್ಯಾಹ್ನ ಯಂತ್ರ ಓಡಬೇಕು ಎಂದ. ಮೇಸ್ತ್ರಿ ಇಳಿದು ಬಂದು ಗಾರೆ ಕಲಸಿದ.